ಓವನ್ ಬೇಡದ ಚಾಕೊಲೇಟ್ ಸ್ಲೈಸ್: ನಮ್ಮ ಕಡೆ ಬಿಸಿಲಿಗೆ ಡಬ್ಬಿಯಲ್ಲಿ ಕರಗದ ಹಾಗೆ ಮಾಡೋದು ಹೇಗೆ?

ಕೌಲ್‌ಬಜಾರ್_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಬಳ್ಳಾರಿಯವರು. ಮಕ್ಕಳು ಮೂರನೇ ಕ್ಲಾಸು ಮತ್ತು ಆರನೇ ಕ್ಲಾಸು. ಊಟದ ಡಬ್ಬಿಯ ಚಿಂತೆ ಇಲ್ಲ. ಚಪಾತಿ ಪಲ್ಯ, ಚಿತ್ರಾನ್ನ, ಏನೋ ಒಂದು ಆಗುತ್ತದೆ. ಕಷ್ಟ ಇರೋದು ಸಣ್ಣ ಡಬ್ಬಿಯದು. ಹನ್ನೊಂದು ಗಂಟೆಯ ಬಿಡುವಿಗೆ ಏನಾದರೂ ಸಿಹಿ ಬೇಕು ಅನ್ನುತ್ತಾರೆ. ದಿನಾ ಬಿಸ್ಕೆಟ್ ಪ್ಯಾಕೆಟ್ ಕೊಡಲು ನನಗೆ ಮನಸ್ಸಿಲ್ಲ.

ಕಾರ್ನ್ ಫ್ಲೇಕ್ಸ್‌ಗೆ ಕರಗಿಸಿದ ಚಾಕೊಲೇಟ್, ಬೆಣ್ಣೆ, ಜೇನುತುಪ್ಪ ಬೆರೆಸಿ, ತಾಟಿಗೆ ಒತ್ತಿ, ಫ್ರಿಜ್‌ನಲ್ಲಿ ಇಟ್ಟು ಕತ್ತರಿಸುವ ಸ್ಲೈಸ್ ಇದೆಯಲ್ಲ, ಅದು ಇಬ್ಬರಿಗೂ ತುಂಬಾ ಇಷ್ಟ. ಓವನ್ ಬೇಡ, ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲೋದೂ ಬೇಡ. ಆದರೆ ಫ್ರಿಜ್‌ನಿಂದ ಹೊರಗೆ ಬಂದ ಮೇಲೆ ಅದು ನಿಲ್ಲೋದಿಲ್ಲ. ಫೆಬ್ರವರಿ ದಾಟಿದರೆ ಸಾಕು, ಬಿಡುವಿನ ಹೊತ್ತಿಗೆ ಡಬ್ಬಿಯ ತುಂಬಾ ಚಾಕೊಲೇಟ್ ಮೆತ್ತಿಕೊಂಡಿರುತ್ತದೆ. ಕೈ, ಯೂನಿಫಾರ್ಮ್, ನೋಟ್‌ಬುಕ್ ಎಲ್ಲದಕ್ಕೂ ಹತ್ತುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾದಾಗಲೂ ಮಳೆ ಹಿಡಿಯುವ ತನಕ ಇದೇ ಪರಿಸ್ಥಿತಿ.

ಬೆಳಿಗ್ಗೆ 8ಕ್ಕೆ ಡಬ್ಬಿಗೆ ಹಾಕಿದ್ದು ಮಧ್ಯಾಹ್ನದವರೆಗೆ ಗಟ್ಟಿ ಇರಬೇಕು. ಕೈಗೆ ಅಂಟಬಾರದು. ಚಾಕೊಲೇಟ್ ರುಚಿ ಇರಲೇಬೇಕು, ಇಲ್ಲದಿದ್ದರೆ ಸಣ್ಣವನು ಮುಟ್ಟೋದಿಲ್ಲ. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಯಾರಾದರೂ ಮಾಡುತ್ತಿದ್ದರೆ ಅಳತೆ ಸಮೇತ ಹೇಳ್ರಿ.

ರಾಯಚೂರು_ವಿಜ್ಞಾನ_ಮೇಷ್ಟ್ರು

ಮೇಡಂ, ಅಳತೆ ಅಡುಗೆ ಬಲ್ಲವರು ಹೇಳಲಿ. ಯಾಕೆ ಕರಗುತ್ತದೆ ಅನ್ನೋದನ್ನು ನಾನು ಹೇಳುತ್ತೇನೆ. ಅದು ಗೊತ್ತಾದರೆ ಅರ್ಧ ದಾರಿ ಸಿಕ್ಕಿದಂತೆ.

ಚಾಕೊಲೇಟಿಗೆ ಗಟ್ಟಿತನ ಬರೋದು ಕೋಕೋ ಬೆಣ್ಣೆಯಿಂದ. ಅದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ನಮ್ಮ ಮೈಯ ಬಿಸಿ 37. ಬಾಯಿಗೆ ಹಾಕಿದ ಕೂಡಲೇ ಚಾಕೊಲೇಟ್ ಕರಗೋದು ಇದಕ್ಕೇ, ಅದರ ಸೊಗಸೇ ಅದು. ಆದರೆ ಮಾರ್ಚ್ ಬಂತೆಂದರೆ ರಾಯಚೂರು, ಬಳ್ಳಾರಿಯಲ್ಲಿ ಮಧ್ಯಾಹ್ನದ ನೆರಳಿನಲ್ಲೇ 34 ದಾಟಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಕೂಡ ದಾಟುತ್ತದೆ. ಮೇಲೆ ಮುಚ್ಚಿದ ಡಬ್ಬಿ, ಡಬ್ಬಿ ಬ್ಯಾಗಿನೊಳಗೆ, ಬ್ಯಾಗು ಕಿಟಕಿ ಪಕ್ಕ.

ನೀವು ಬೆಣ್ಣೆ ಬೇರೆ ಸೇರಿಸುತ್ತೀರಿ. ಬೆಣ್ಣೆ ಇನ್ನೂ ಬೇಗ ಮೆತ್ತಗಾಗುತ್ತದೆ. ಕೆಲವರು ಕೊಬ್ಬರಿ ಎಣ್ಣೆ ಹಾಕಿ ಅನ್ನುತ್ತಾರೆ. ಕೊಬ್ಬರಿ ಎಣ್ಣೆ ಕರಗೋದು 24 ಡಿಗ್ರಿ ಹತ್ತಿರ. ನಮ್ಮ ಕಡೆ ಅದು ಹೆಪ್ಪುಗಟ್ಟೋದು ಡಿಸೆಂಬರ್ ಬೆಳಗಿನಲ್ಲಿ ಮಾತ್ರ, ಬಾಟಲಿ ನೋಡಿದರೆ ಗೊತ್ತಾಗುತ್ತದೆ.

ಈ ಥರ ತಟ್ಟೆಯಲ್ಲಿ ಒತ್ತಿ ಕತ್ತರಿಸುವ ಸ್ಲೈಸ್‌ಗಳು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮನೆಗಳಲ್ಲಿ ಬಹಳ ಬಳಕೆಯಲ್ಲಿವೆ. ಆಸ್ಟ್ರೇಲಿಯಾದಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಚಾಕೊಲೇಟ್ ಕ್ರ್ಯಾಕಲ್ಸ್ ಅಂತ ಮಾಡುತ್ತಾರೆ. ಅದಕ್ಕೆ ಹಾಕೋದು ಕೋಫಾ ಅನ್ನುವ, ಕಾರ್ಖಾನೆಯಲ್ಲಿ ಗಟ್ಟಿ ಮಾಡಿದ ಕೊಬ್ಬರಿ ಕೊಬ್ಬು. ಅಲ್ಲಿಯ ಅಳತೆಯನ್ನು ಇಲ್ಲಿ ಮಾಮೂಲಿ ಕೊಬ್ಬರಿ ಎಣ್ಣೆ ಹಾಕಿ ಮಾಡಿದರೆ ಅದು ಕೂರೋದೇ ಇಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಕೊಬ್ಬು ಹಿಡಿದಿಟ್ಟ ತಿಂಡಿ, ಕೊಬ್ಬು ಕರಗಿದರೆ ಬಿಟ್ಟುಕೊಳ್ಳುತ್ತದೆ. ಪಾಕ ಹಿಡಿದಿಟ್ಟ ತಿಂಡಿ 40 ಡಿಗ್ರಿಗೆ ಕರಗೋದಿಲ್ಲ. ಶೇಂಗಾ ಚಿಕ್ಕಿ ಮೇ ತಿಂಗಳಲ್ಲೂ ಬಸ್‌ಸ್ಟ್ಯಾಂಡ್ ಅಂಗಡಿಯ ಗಾಜಿನ ಭರಣಿಯಲ್ಲಿ ಗಟ್ಟಿಯಾಗೇ ಇರುತ್ತದೆ ಅಲ್ವಾ? ನೀವು ಚಾಕೊಲೇಟ್ ಬಿಟ್ಟು ಕೋಕೋ ಪುಡಿಗೆ ಬನ್ನಿ. ರುಚಿ ಕೋಕೋದಿಂದ, ಗಟ್ಟಿತನ ಪಾಕದಿಂದ.

ಕೌಲ್‌ಬಜಾರ್_ಅಮ್ಮ

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಒಂದು ಕೇಳಬೇಕು. ಅಂಗಡಿಯಲ್ಲಿ ಕಾಂಪೌಂಡ್ ಚಾಕೊಲೇಟ್ ಅಂತ ದೊಡ್ಡ ಪಟ್ಟಿ ಸಿಗುತ್ತದೆ. ಅದು ಬಿಸಿಲಿಗೆ ತಡೆಯುತ್ತದೆ ಅಂತ ಯಾರೋ ಅಂದರು. ನಿಜವಾ?

ಕೊಪ್ಪಳ_ಕೇಕ್_ಅಂಗಡಿ

ನಾನು ಮನೆಯಿಂದಲೇ ಕೇಕ್ ಮಾಡಿ ಕೊಡುತ್ತೇನೆ ಅಕ್ಕಾ, ಕಾಂಪೌಂಡ್ ದಿನಾ ಕೈಯಲ್ಲಿರುತ್ತದೆ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ತಾಳೆಬೀಜದ ಎಣ್ಣೆಯಂಥ ಬೇರೆ ಗಟ್ಟಿ ಕೊಬ್ಬು ಇರುತ್ತದೆ. ಬೇಗ ಕೂರುತ್ತದೆ, ಟೆಂಪರಿಂಗ್ (ಅಳತೆ ನೋಡಿ ಬಿಸಿ ಮಾಡಿ ತಣಿಸುವ ಕೆಲಸ) ಬೇಡ, ಬೆಲೆಯೂ ಕಡಿಮೆ. ನಿಜವಾದ ಚಾಕೊಲೇಟಿಗಿಂತ ಸ್ವಲ್ಪ ಜಾಸ್ತಿ ಬಿಸಿ ತಡೆಯುತ್ತದೆ. ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅದೂ ಸೋಲುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಧೈರ್ಯವಾಗಿ ಮಾಡಿ, ಡಬ್ಬಿಗೂ ಹಾಕಿ. ಬೇಸಿಗೆಯಲ್ಲಿ ಅದನ್ನು ಸಂಜೆ ಮನೆಯಲ್ಲಿ, ಫ್ರಿಜ್‌ನಿಂದ ತೆಗೆದು ಕೊಡಿ.

ಚಳಿಗಾಲದ ಅಳತೆ ಬೇಕಿದ್ದರೆ ಬರೆದುಕೊಳ್ಳಿ. 200 ಗ್ರಾಂ ಕಾಂಪೌಂಡ್‌ಗೆ 3 ಕಪ್ ಕಾರ್ನ್ ಫ್ಲೇಕ್ಸ್. ಬೆಣ್ಣೆ, ಎಣ್ಣೆ ಏನೂ ಬೇಡ, ಹಾಕಿದಷ್ಟೂ ಮೆತ್ತಗಾಗುತ್ತದೆ. ಕರಗಿಸುವಾಗ ಒಂದು ಎಚ್ಚರ. ಕೆಳಗೆ ನೀರು ಕುದಿಸಿ ಮೇಲೆ ಪಾತ್ರೆ ಇಡುತ್ತೀವಲ್ಲ, ಆಗ ಮೇಲಿನ ಪಾತ್ರೆಯ ತಳ ನೀರಿಗೆ ತಾಗಬಾರದು, ಹಬೆ ಒಳಗೆ ಬರಬಾರದು. ಚಮಚ ಪೂರ್ತಿ ಒಣಗಿರಬೇಕು. ಒಂದೆರಡು ಹನಿ ನೀರು ಬಿದ್ದರೂ ಚಾಕೊಲೇಟ್ ಒಡೆದು ಮರಳು ಮರಳಾಗುತ್ತದೆ. ಒಲೆ ಆರಿಸಿದ ಮೇಲೆ ಆ ಬಿಸಿ ನೀರಿನ ಮೇಲೇ ಕರಗಿಸಿದರೆ ಸಾಕು, ಅವಸರ ಬೇಡ.

ಗಂಗಾವತಿ_ಮಂಡಾಳು_ಮನೆ

ಕೌಲ್‌ಬಜಾರ್ ಅಕ್ಕಾ, ನಮ್ಮ ಕಡೆಯ ಮಂಡಾಳು (ಮಂಡಕ್ಕಿ, ಪುರಿ) ಇರುವಾಗ ಕಾರ್ನ್ ಫ್ಲೇಕ್ಸ್ ಯಾಕೆ? ಭತ್ತದ ನಾಡು ನಮ್ಮದು. ಪರದೇಶದ ರೈಸ್ ಕ್ರಿಸ್ಪೀಸ್ ಕೂಡ ಅಕ್ಕಿಯದೇ. ನಾನು ಈ ಸ್ಲೈಸನ್ನು ಮಂಡಾಳಿನಲ್ಲೇ ಮಾಡೋದು. ಪಂಚಮಿಗೆ ಮಂಡಾಳು ಉಂಡಿ ಕಟ್ಟಲು ಬರುವವರಿಗೆ ಇದು ಹೊಸ ವಿದ್ಯೆ ಏನಲ್ಲ. ಉಂಡಿ ಕಟ್ಟುವ ಬದಲು ತಾಟಿಗೆ ಒತ್ತಬೇಕು, ಪಾಕ ಸ್ವಲ್ಪ ಎಳೆಯದಾಗಿರಬೇಕು, ಕೋಕೋ ಸೇರಬೇಕು.

ಅಳತೆ ಹೇಳುತ್ತೇನೆ. ಮಂಡಾಳು 4 ಕಪ್. ಬೆಲ್ಲ 150 ಗ್ರಾಂ. ನೀರು 2 ದೊಡ್ಡ ಚಮಚ. ಕೋಕೋ ಪುಡಿ 3 ದೊಡ್ಡ ಚಮಚ. ತುಪ್ಪ 2 ದೊಡ್ಡ ಚಮಚ. ಹುರಿದು ಸಿಪ್ಪೆ ತೆಗೆದು ತರಿತರಿಯಾಗಿ ಕುಟ್ಟಿದ ಶೇಂಗಾ ಅರ್ಧ ಕಪ್. ಮಂಡಾಳಿಗೆ ಉಪ್ಪು ಇರುತ್ತದೆ, ಬೇರೆ ಉಪ್ಪು ಬೇಡ. ಇದು ಎಂಟು ಇಂಚಿನ ಚೌಕ ಟ್ರೇಗೆ ಸರಿಯಾಗುತ್ತದೆ. ಟ್ರೇ ಇಲ್ಲದಿದ್ದರೆ ಅಂಚಿರುವ ಊಟದ ತಾಟು ಸಾಕು.

ಮೊದಲು ಮಂಡಾಳನ್ನು ಜರಡಿ ಹಿಡಿಯಿರಿ. ಬಿಸಿ ಮರಳಿನಲ್ಲಿ ಹುರಿದು ಅರಳಿಸಿದ್ದು, ಕಣ್ಣಿಗೆ ಕಾಣದ ಮರಳು ತಳದಲ್ಲಿ ಇರಬಹುದು. ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಬಣ್ಣ ಬದಲಾಗಬಾರದು. ಎರಡು ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು. ಇದನ್ನು ಬಿಡಬೇಡಿ ಅಕ್ಕಾ. ಮೆತ್ತಗಿನ ಮಂಡಾಳು ಪಾಕಕ್ಕೆ ಬಿದ್ದರೆ ಆಮೇಲೆ ಏನು ಮಾಡಿದರೂ ಗರಿಗರಿ ಬರೋದಿಲ್ಲ. ಬೆಚ್ಚಗಿರುವಾಗಲೇ ಪಾಕಕ್ಕೆ ಹಾಕಿದರೆ ಪಾಕ ತಕ್ಷಣ ಬಿಗಿಯೋದಿಲ್ಲ, ಕಲಸಲು ಸಮಯ ಸಿಗುತ್ತದೆ.

ಕೋಕೋ ಪುಡಿಯನ್ನು ಸೋಸಿ, ಕರಗಿಸಿದ ತುಪ್ಪದಲ್ಲಿ ಕಲಸಿ ಪಕ್ಕಕ್ಕೆ ಇಟ್ಟುಕೊಳ್ಳಿ. ಒಣ ಕೋಕೋ ನೇರ ಪಾಕಕ್ಕೆ ಹಾಕಿದರೆ ಗಂಟಾಗುತ್ತದೆ. ಒಲೆ ಉರಿಯುತ್ತಿರುವಾಗ ಹಾಕಿದರೆ ತಳ ಹಿಡಿದು ಕಹಿಯಾಗುತ್ತದೆ.

ಬೆಲ್ಲ, ನೀರು ಕರಗಿದ ಮೇಲೆ ಒಮ್ಮೆ ಸೋಸಿ, ಕಸ ಹೋಗಲಿ. ಮತ್ತೆ ಒಲೆಗೆ ಇಟ್ಟು ಕುದಿಸಿ. ನೊರೆ ಬಂದು ಪಾಕ ದಪ್ಪ ಆಗುತ್ತಾ ಬಂದಾಗ ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡು ಒಂದು ಹನಿ ಬಿಡಿ. ಹರಡಿಕೊಂಡರೆ ಇನ್ನೂ ಬೇಕು. ಬೆರಳಲ್ಲಿ ಸೇರಿಸಿದಾಗ ಗಟ್ಟಿ ಉಂಡೆಯಾಗಿ ನಿಂತು, ಒತ್ತಿದರೆ ಸ್ವಲ್ಪ ಬಗ್ಗಿದರೆ ಅದೇ ನಮ್ಮ ಹದ. ತಾಟಿಗೆ ಬಡಿದಾಗ ಟಣ್ ಅಂದರೆ ಅದು ಚಿಕ್ಕಿಯ ಪಾಕ, ಸ್ಲೈಸ್ ಕಲ್ಲಾಗುತ್ತದೆ. ಹದ ಬಂದ ಕೂಡಲೇ ಒಲೆ ಆರಿಸಿ, ಕೋಕೋ ತುಪ್ಪ ಸೇರಿಸಿ ತಿರುವಿ, ಶೇಂಗಾ, ಮಂಡಾಳು ಹಾಕಿ ಬೇಗ ಬೇಗ ಕಲಸಿ.

ತುಪ್ಪ ಸವರಿದ ತಾಟಿಗೆ ಹಾಕಿ, ತಳಕ್ಕೆ ತುಪ್ಪ ಹಚ್ಚಿದ ಬಟ್ಟಲಿನಿಂದ ಒತ್ತಿ. ಗಟ್ಟಿಯಾಗಿ ಒತ್ತಬೇಕು, ಆದರೆ ಮಂಡಾಳು ಪುಡಿಯಾಗುವಷ್ಟು ಬೇಡ. ಬಿಸಿ ಇರುವಾಗಲೇ ಚಾಕುವಿನಿಂದ ಗೆರೆ ಹಾಕಿ. ಪೂರ್ತಿ ಆರಿದ ಮೇಲೆ ಆ ಗೆರೆಯಲ್ಲೇ ಮುರಿಯುತ್ತದೆ. ಫ್ರಿಜ್ ಬೇಡವೇ ಬೇಡ.

ಸಿರುಗುಪ್ಪ_ಹೊಸ_ಸೊಸೆ

ಅಕ್ಕಾ, ನನಗೆ ಪಾಕದ ಹದ ಅಂದರೆ ಭಯ. ಥರ್ಮಾಮೀಟರ್ ಇಟ್ಟು ಮಾಡಬಹುದಾ? ಎಷ್ಟು ಡಿಗ್ರಿ?

ಗಂಗಾವತಿ_ಮಂಡಾಳು_ಮನೆ

ನಾನು ನೀರಿನಲ್ಲೇ ನೋಡೋದು ತಂಗಿ. ಡಿಗ್ರಿ ಮೇಷ್ಟ್ರು ಹೇಳಲಿ.

ರಾಯಚೂರು_ವಿಜ್ಞಾನ_ಮೇಷ್ಟ್ರು

ಸಕ್ಕರೆ ಪಾಕದ ಲೆಕ್ಕದಲ್ಲಿ ಮೆತ್ತನೆ ಉಂಡೆಯ ಹದ 112ರಿಂದ 116 ಡಿಗ್ರಿ, ಗಟ್ಟಿ ಉಂಡೆಯ ಹದ 121ರಿಂದ 130. ಗಂಗಾವತಿ ಮೇಡಂ ಹೇಳಿದ್ದು 120ರ ಆಸುಪಾಸು ಬರುತ್ತದೆ. ಚಿಕ್ಕಿ 140ಕ್ಕೂ ಮೇಲೆ. ಆದರೆ ಬೆಲ್ಲ ಶುದ್ಧ ಸಕ್ಕರೆ ಅಲ್ಲ. ಒಂದೊಂದು ಬೆಲ್ಲ ಒಂದೊಂದು ಥರ ಇರುತ್ತದೆ. ಹಾಗಾಗಿ ಥರ್ಮಾಮೀಟರ್ ಇದ್ದರೂ ಕೊನೆಗೆ ನೀರಿನ ಹನಿಯನ್ನೇ ನಂಬಿ. ಜ್ವರ ನೋಡುವ ಥರ್ಮಾಮೀಟರ್ ಮಾತ್ರ ಪಾಕಕ್ಕೆ ಇಳಿಸಬೇಡಿ. ಅದು 42 ಡಿಗ್ರಿವರೆಗಿನದು, ಒಡೆಯುತ್ತದೆ. ಅಡುಗೆಯದ್ದೇ ಬೇರೆ ಸಿಗುತ್ತದೆ.

ಇನ್ನೊಂದು. ಪಾಕ ಮಾಡುವಾಗ ಮಕ್ಕಳನ್ನು ಒಲೆ ಹತ್ತಿರ ಬಿಡಬೇಡಿ. ಕುದಿಯುವ ನೀರಿಗಿಂತ ಪಾಕ ಜಾಸ್ತಿ ಬಿಸಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಬೇಗ ಬಿಡೋದಿಲ್ಲ. ತಾಟಿಗೆ ಒತ್ತುವ ಕೆಲಸವೂ ದೊಡ್ಡವರದೇ. ಮಕ್ಕಳಿಗೆ ಶೇಂಗಾ ಸಿಪ್ಪೆ ಊದುವ ಕೆಲಸ, ಆರಿದ ಮೇಲೆ ಮುರಿಯುವ ಕೆಲಸ ಕೊಡಿ.

ಗಂಗಾವತಿ_ಮಂಡಾಳು_ಮನೆ

ಸರ್ ಹೇಳಿದ್ದು ಸರಿ. ಬೆಲ್ಲದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕೆಲವು ಬೆಲ್ಲ ಎಷ್ಟು ಕುದಿಸಿದರೂ ಹದಕ್ಕೆ ಬರೋದಿಲ್ಲ, ಸುಮ್ನೆ ಅಂಟಂಟು ಆಗುತ್ತದೆ. ಕಿರಾಣಿ ಅಂಗಡಿಯಲ್ಲಿ ಚಿಕ್ಕಿಗೆ ಬರುವ ಬೆಲ್ಲ ಕೊಡಿ ಅಂತ ಕೇಳಿ ತನ್ನಿ, ಅವರಿಗೆ ಗೊತ್ತಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮತ್ತು ಮಳೆ ಹಿಡಿದ ದಿನಗಳಲ್ಲಿ ಪಾಕವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಿರಿ. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎಳೆಯ ಪಾಕವಾದರೆ ಮರುದಿನಕ್ಕೆ ಜಿಗುಟಾಗುತ್ತದೆ.

ಯಲಬುರ್ಗಾ_ಜೋಳದ_ಹೊಲ

ಮಂಡಾಳಿನ ಜೊತೆ ಜೋಳದ ಅಳ್ಳು (ಅರಳು) ಸೇರಿಸಿ ನೋಡಿ. ಪಂಚಮಿ ಹೊತ್ತಿಗೆ ನಮ್ಮ ಮನೆಯಲ್ಲಿ ಅಳ್ಳು ಹುರಿದೇ ಹುರಿಯುತ್ತೇವೆ. ಹಬ್ಬ ಮುಗಿದ ಮೇಲೆ ಉಳಿದದ್ದು ಡಬ್ಬದಲ್ಲಿ ಮೆತ್ತಗಾಗಿ ಹೋಗುತ್ತಿತ್ತು. ಈಗ 2 ಕಪ್ ಅಳ್ಳು, 2 ಕಪ್ ಮಂಡಾಳು ಹಾಕಿ ಇದೇ ಪಾಕದಲ್ಲಿ ಮಾಡುತ್ತೇವೆ. ಜೋಳದ ಹುರಿದ ವಾಸನೆ ಕೋಕೋ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ. ನನ್ನ ಪ್ರಕಾರ ಮಂಡಾಳು ಒಂದರಲ್ಲೇ ಮಾಡಿದ್ದಕ್ಕಿಂತ ಇದರ ರುಚಿ ಮೇಲು. ಮಂಡಾಳಿಗೆ ತನ್ನದೇ ರುಚಿ ಕಡಿಮೆ, ಜೋಳಕ್ಕೆ ಇದೆ.

ಅಳ್ಳನ್ನು ಚೆನ್ನಾಗಿ ಆರಿಸಬೇಕು. ಅರಳದೆ ಉಳಿದ ಕಾಳು ಹಲ್ಲಿಗೆ ಸಿಕ್ಕರೆ ಮಕ್ಕಳಿಗೆ ನೋವಾಗುತ್ತದೆ. ದೊಡ್ಡ ಕಣ್ಣಿನ ಜರಡಿಯಲ್ಲಿ ಆಡಿಸಿದರೆ ಆ ಕಾಳೆಲ್ಲ ಕೆಳಗೆ ಬೀಳುತ್ತವೆ.

ಬಳ್ಳಾರಿ_ಗಾಂಧಿನಗರ_ತಂದೆ

ನಮ್ಮ ಮನೆಯಲ್ಲಿ ಡಬ್ಬಿ ಕಟ್ಟೋದು ನನ್ನ ಕೆಲಸ. ಮಂಡಾಳಿನದು ಒಳ್ಳೆಯದೇ, ಆದರೆ ನನ್ನ ಮಗಳಿಗೆ ಕಾರ್ನ್ ಫ್ಲೇಕ್ಸ್‌ನ ಕರಕರ ಬೇಕು. ಪಾಕದಲ್ಲಿ ಕಾರ್ನ್ ಫ್ಲೇಕ್ಸ್ ನಡೆಯುತ್ತದಾ? ಇನ್ನೊಂದು, ಮಾರ್ಷ್‌ಮ್ಯಾಲೊ ಅನ್ನುವ ಮೆತ್ತನೆಯ ಸಕ್ಕರೆ ಮಿಠಾಯಿ ಹಾಕಿ ಮಾಡುವುದನ್ನೂ ನೋಡಿದ್ದೇನೆ. ಅದು ಕರಗೋದಿಲ್ಲವಂತೆ.

ಕೊಪ್ಪಳ_ಕೇಕ್_ಅಂಗಡಿ

ಅಣ್ಣಾ, ಮಾರ್ಷ್‌ಮ್ಯಾಲೊ ಹಾಕೋದು ಅಮೆರಿಕದ ರೈಸ್ ಕ್ರಿಸ್ಪೀಸ್ ಟ್ರೀಟ್ಸ್. ರೈಸ್ ಕ್ರಿಸ್ಪೀಸ್ ಅನ್ನೋ ಸೀರಿಯಲ್ ಬಂದದ್ದು 1928ರಲ್ಲಿ. ಈ ತಿಂಡಿಯನ್ನು ಕೆಲಾಗ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದ ಮಿಲ್ಡ್ರೆಡ್ ಡೇ ಮತ್ತು ಮಲಿಟಾ ಜೆನ್ಸೆನ್ ಅನ್ನುವ ಇಬ್ಬರು ಹೆಣ್ಣುಮಕ್ಕಳು 1939ರಲ್ಲಿ ರೂಪಿಸಿದರು. ಅಲ್ಲಿಯೂ ಹಿಡಿದಿಡೋದು ಸಕ್ಕರೆಯೇ ನೋಡಿ, ಕೊಬ್ಬಲ್ಲ. ಆದರೆ ಮಾರ್ಷ್‌ಮ್ಯಾಲೊದಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರೋದು. ಸಸ್ಯಾಹಾರಿಗಳು ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿಯೇ ತೆಗೆದುಕೊಳ್ಳಬೇಕು. ಬೆಲೆಯೂ ಜಾಸ್ತಿ. ಬೆಲ್ಲದ ಪಾಕ ಇರುವಾಗ ನನಗೆ ಅದರ ಅಗತ್ಯ ಕಾಣೋದಿಲ್ಲ.

ಕಾರ್ನ್ ಫ್ಲೇಕ್ಸ್ ಧಾರಾಳವಾಗಿ ನಡೆಯುತ್ತದೆ. ಸಾದಾ ಇರುವುದು ತನ್ನಿ. ಚಾಕೊಲೇಟ್ ಸೀರಿಯಲ್‌ನಲ್ಲಿ ಮೊದಲೇ ಸಕ್ಕರೆ ಇರುತ್ತದೆ, ಪಾಕವೂ ಸೇರಿದರೆ ಅತಿ ಸಿಹಿ. ಕಾರ್ನ್ ಫ್ಲೇಕ್ಸ್ ಮಂಡಾಳಿಗಿಂತ ತೂಕ. ಒಂದು ಕಪ್ ಸುಮಾರು 30 ಗ್ರಾಂ ಬರುತ್ತದೆ. ಆದ್ದರಿಂದ ಅದೇ ಪಾಕಕ್ಕೆ 3 ಕಪ್ ಸಾಕು. ಕೈಯಲ್ಲಿ ಒಂದಿಷ್ಟು ಮುರಿದು ಹಾಕಿ. ದೊಡ್ಡ ಎಸಳುಗಳ ನಡುವೆ ಸಂದು ಉಳಿದು, ಸ್ಲೈಸ್ ಮುರಿಯುವಾಗ ಉದುರುತ್ತದೆ.

ಮತ್ತೆ, ಎಲ್ಲರಿಗೂ ಹೇಳುತ್ತೇನೆ, ಕೋಕೋ ಪುಡಿ ಬೇರೆ, ಹಾಲಿಗೆ ಹಾಕುವ ಡ್ರಿಂಕಿಂಗ್ ಚಾಕೊಲೇಟ್ ಬೇರೆ. ಎರಡನೆಯದರಲ್ಲಿ ಸಕ್ಕರೆಯೇ ಜಾಸ್ತಿ. ಅದನ್ನು ಹಾಕಿದರೆ ಬಣ್ಣವೂ ಬರೋದಿಲ್ಲ, ಚಾಕೊಲೇಟ್ ರುಚಿಯೂ ಬರೋದಿಲ್ಲ.

ಸಿಂಧನೂರು_ನರ್ಸಮ್ಮ

ಎಲ್ಲರೂ ಚೆನ್ನಾಗಿ ಹೇಳುತ್ತಿದ್ದೀರಿ. ಸಕ್ಕರೆ ಲೆಕ್ಕವನ್ನೂ ಒಮ್ಮೆ ನೋಡೋಣ. 150 ಗ್ರಾಂ ಬೆಲ್ಲದಲ್ಲಿ 16 ತುಂಡು ಮಾಡಿದರೆ ಒಂದಕ್ಕೆ 9 ಗ್ರಾಂ ಚಿಲ್ಲರೆ. ಹತ್ತಿರ ಹತ್ತಿರ ಎರಡು ಚಮಚ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡಾ 10 ಮೀರಬಾರದು, 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 1500 ಕ್ಯಾಲೊರಿ ತಿನ್ನುವ ಮಗುವಿಗೆ ಆ 5 ಅಂದರೆ ಸುಮಾರು 19 ಗ್ರಾಂ. ಒಂದು ತುಂಡಿಗೇ ಅರ್ಧ ಮುಗಿಯಿತು. ಬೆಳಿಗ್ಗೆ ಹಾಲಿಗೆ ಹಾಕಿದ ಸಕ್ಕರೆ ಬೇರೆ ಇದೆ.

ಬೆಲ್ಲ ಒಳ್ಳೆಯದು, ಎಷ್ಟು ತಿಂದರೂ ನಡೆಯುತ್ತದೆ ಅನ್ನೋ ನಂಬಿಕೆ ನಮ್ಮಲ್ಲಿ ಇದೆ. ಈ ಲೆಕ್ಕಕ್ಕೆ ಬಂದರೆ ಬೆಲ್ಲವೂ ಸಕ್ಕರೆಯೇ. ಅದರಲ್ಲಿ ಸ್ವಲ್ಪ ಕಬ್ಬಿಣ ಇದ್ದರೂ ಒಂದು ಸಣ್ಣ ತುಂಡಿನಿಂದ ಮಗುವಿಗೆ ಸಿಗುವುದು ಬಹಳ ಕಡಿಮೆ. ಮಾಡಬೇಡಿ ಅಂತ ಹೇಳುತ್ತಿಲ್ಲ. ಬಿಸ್ಕೆಟ್ ಪ್ಯಾಕೆಟ್‌ಗಿಂತ ಶೇಂಗಾ ಇರುವ ಈ ತುಂಡು ನನಗೂ ಇಷ್ಟ. ತುಂಡು ಸಣ್ಣದು ಮಾಡಿ, ಒಂದು ತಾಟಿಗೆ 20 ಇಲ್ಲವೇ 24. ವಾರದಲ್ಲಿ ಎರಡು ದಿನ ಇದು, ಉಳಿದ ದಿನ ಬಾಳೆಹಣ್ಣು, ಪೇರಲ, ಬೇಯಿಸಿದ ಶೇಂಗಾ, ಪುಟಾಣಿ (ಹುರಿಗಡಲೆ).

ಶೇಂಗಾ ಬಗ್ಗೆ ಇನ್ನೊಂದು. ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಇಡೀ ಶೇಂಗಾ ಕಾಳು ಕೊಡಬೇಡಿ, ಗಂಟಲಿಗೆ ಸಿಗುತ್ತದೆ. ಗಟ್ಟಿ ಚಿಕ್ಕಿಯೂ ಅಷ್ಟೇ. ಶೇಂಗಾ ಅಲರ್ಜಿ ಇರುವ ಮಕ್ಕಳೂ ಇರುತ್ತಾರೆ. ತುಟಿ ಊದಿಕೊಳ್ಳೋದು, ಮೈಮೇಲೆ ಗಂಧೆ, ಉಸಿರಾಟದ ತೊಂದರೆ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಡಬ್ಬಿ ಹಂಚಿಕೊಂಡು ತಿನ್ನುವ ವಯಸ್ಸು ಅದು. ಕ್ಲಾಸಿನಲ್ಲಿ ಅಂಥ ಮಗು ಇದೆಯಾ ಅಂತ ಟೀಚರ್ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಕೌಲ್‌ಬಜಾರ್_ಅಮ್ಮ

ನರ್ಸಮ್ಮಾರೆ, ಈ ಲೆಕ್ಕ ನನಗೆ ತುಂಬಾ ಉಪಯೋಗ ಆಯಿತು. ಬೆಲ್ಲ ಕಡಿಮೆ ಮಾಡಿದರೆ ಹಿಡಿಯುತ್ತದಾ ಗಂಗಾವತಿ ಅಕ್ಕಾ?

ಗಂಗಾವತಿ_ಮಂಡಾಳು_ಮನೆ

120 ಗ್ರಾಂವರೆಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಹೋದರೆ ಉದುರುತ್ತದೆ. 120ಕ್ಕೆ ಇಳಿಸಿದಾಗ ಮಂಡಾಳು ಮೂರೂವರೆ ಕಪ್ ಮಾಡಿ, 2 ದೊಡ್ಡ ಚಮಚ ಶೇಂಗಾ ಬೆಣ್ಣೆ ಸೇರಿಸಿ. ಅಂಗಡಿಯದೇ ಬೇಕಿಲ್ಲ. ಹುರಿದ ಶೇಂಗಾವನ್ನು ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುವಿದರೆ ಮೊದಲು ಪುಡಿ, ಆಮೇಲೆ ಅದರದೇ ಎಣ್ಣೆ ಬಿಟ್ಟು ಮುದ್ದೆ ಆಗುತ್ತದೆ. ಕೋಕೋ ತುಪ್ಪದ ಜೊತೆಗೇ ಅದನ್ನೂ ಕಲಸಿ. ಸ್ಲೈಸ್ ಸ್ವಲ್ಪ ಮೃದು ಬರುತ್ತದೆ, ಹಲ್ಲು ಬೀಳುತ್ತಿರುವ ಮಕ್ಕಳಿಗೆ ಇದೇ ಸರಿ. ಕೋಕೋ ಮಾತ್ರ ಜಾಸ್ತಿ ಮಾಡಬೇಡಿ. ಬೆಲ್ಲ ಕಡಿಮೆಯಾದಾಗ ಅದರ ಕಹಿ ಮೇಲೆ ಬರುತ್ತದೆ. ಎರಡೂವರೆ ಚಮಚ ಸಾಕು. ಒಂದು ಚಿಟಿಕೆ ಏಲಕ್ಕಿ ಹಾಕಿದರೆ ಸಿಹಿ ಕಡಿಮೆ ಅನಿಸೋದಿಲ್ಲ.

ಬಳ್ಳಾರಿ_ಗಾಂಧಿನಗರ_ತಂದೆ

ಡಬ್ಬಿಗೆ ಹಾಕುವ ಬಗ್ಗೆ ನಾನು ಎರಡು ಮಾತು ಹೇಳಬಹುದು. ಬಿಸಿ ಚಪಾತಿ, ಬಿಸಿ ಅನ್ನ ಇರುವ ಡಬ್ಬಿಯಲ್ಲೇ ಸ್ಲೈಸ್ ಇಡಬೇಡಿ, ಮಧ್ಯೆ ಪಾರ್ಟಿಶನ್ ಇದ್ದರೂ ಬೇಡ. ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಇಳಿಯುತ್ತದೆ, ಮಂಡಾಳು ಹತ್ತು ನಿಮಿಷದಲ್ಲಿ ಮೆತ್ತಗೆ. ಪುಟ್ಟ ಡಬ್ಬಿ ಬೇರೆಯೇ ಇರಲಿ, ಅದು ಒಣಗಿರಲಿ. ತೊಳೆದು ಒರೆಸಿದ ಕೂಡಲೇ ಹಾಕಬೇಡಿ. ಎರಡು ತುಂಡು ಹಾಕುವುದಾದರೆ ನಡುವೆ ಬಟರ್ ಪೇಪರ್ ಇಡಿ. ಇರುವೆ ಬರುವ ಮನೆಯಾದರೆ ಬಿಗಿ ಮುಚ್ಚಳದ ಡಬ್ಬಿಯೇ ಬೇಕು. ನೀರಿನ ಬಾಟಲಿಯನ್ನು ಬ್ಯಾಗಿನ ಬೇರೆ ಕಡೆ ಇಡಲು ಮಗಳಿಗೆ ಹೇಳಿಕೊಟ್ಟಿದ್ದೇನೆ.

ಫ್ರಿಜ್‌ನಲ್ಲಿ ಇಟ್ಟ ಚಾಕೊಲೇಟ್ ಸ್ಲೈಸ್ ಆದರೆ ಇನ್ನೊಂದು ತೊಂದರೆ ಇದೆ. ತಣ್ಣಗಿನದು ಬಿಸಿ ಗಾಳಿಗೆ ಬಂದಾಗ ಮೇಲೆಲ್ಲ ನೀರು ಹನಿಯುತ್ತದೆ. ಅದಕ್ಕೆ ಬಿಗಿಯಾಗಿ ಸುತ್ತಿಯೇ ಫ್ರಿಜ್‌ಗೆ ಇಡಬೇಕು, ಹೊರಗೆ ತೆಗೆದ ಮೇಲೂ ಸುತ್ತಿದ ಹಾಗೇ ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಬೇಕು. ಪಾಕದ ಸ್ಲೈಸ್‌ಗೆ ಈ ಕಾಟ ಇಲ್ಲ. ಕರೆಂಟ್ ಹೋದರೂ ಚಿಂತೆ ಇಲ್ಲ. ಬೇಸಿಗೆಯಲ್ಲಿ ನಮಗೆ ಇದೇ ದೊಡ್ಡ ಅನುಕೂಲ.

ಸಿರುಗುಪ್ಪ_ಹೊಸ_ಸೊಸೆ

ಎಷ್ಟು ದಿನ ಇಡಬಹುದು?

ಗಂಗಾವತಿ_ಮಂಡಾಳು_ಮನೆ

ಒಣ ಹವೆಯಲ್ಲಿ ಬಿಗಿ ಡಬ್ಬದಲ್ಲಿ ಒಂದು ವಾರ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಮೂರು ನಾಲ್ಕು ದಿನ. ಕೆಡೋದಿಲ್ಲ, ಗರಿಗರಿ ಹೋಗುತ್ತದೆ. ಶೇಂಗಾ ಹಳೆಯದಾಗಿದ್ದರೆ ಮಾತ್ರ ಕಮಟು ವಾಸನೆ ಬರುತ್ತದೆ, ಹುರಿಯುವ ಮೊದಲು ಒಂದು ಕಾಳು ಬಾಯಿಗೆ ಹಾಕಿ ನೋಡಿ. ಬಣ್ಣಗೆಟ್ಟ, ಬೂಸ್ಟು ಹಿಡಿದ ಕಾಳನ್ನು ಆರಿಸಿ ಎಸೆಯಿರಿ. ಹುರಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ.

ಸಿಂಧನೂರು_ನರ್ಸಮ್ಮ

ಈ ಮಾತನ್ನು ಎಲ್ಲರೂ ಗಟ್ಟಿಯಾಗಿ ಹಿಡಿದುಕೊಳ್ಳಿ. ಶೇಂಗಾಕ್ಕೆ ಬರುವ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟಬಹುದು, ಅದು ಯಕೃತ್ತಿಗೆ ಕೆಟ್ಟದ್ದು. ಮನೆಯಲ್ಲಿ ಹುರಿದರೆ ಪೂರ್ತಿ ಹೋಗುವಂಥದ್ದಲ್ಲ.

ಕೌಲ್‌ಬಜಾರ್_ಅಮ್ಮ

ಭಾನುವಾರ ಮಾಡಿದೆ. ಬೆಲ್ಲ 120 ಗ್ರಾಂ, ಮಂಡಾಳು, ಅಳ್ಳು ಎರಡೂ ಸೇರಿಸಿ, ಶೇಂಗಾ ಬೆಣ್ಣೆ ಹಾಕಿ. ತಾಟಿಗೆ 20 ತುಂಡು. ಸೋಮವಾರ ಇಬ್ಬರ ಡಬ್ಬಿಯೂ ಖಾಲಿ ಬಂತು, ಡಬ್ಬಿಯ ಒಳಗೆ ಕಲೆ ಕೂಡ ಇರಲಿಲ್ಲ. ದೊಡ್ಡವಳಿಗೆ ಅಳ್ಳಿನ ರುಚಿ ತುಂಬಾ ಹಿಡಿಸಿದೆ. ಸಣ್ಣವನು ಮೇಲೆ ಚಾಕೊಲೇಟ್ ಪದರ ಇಲ್ಲ ಅಂತ ಕೇಳಿದ. ಆದರೂ ತಿಂದ. ಗಂಗಾವತಿ ಅಕ್ಕ, ಯಲಬುರ್ಗಾದವರು, ಮೇಷ್ಟ್ರು, ನರ್ಸಮ್ಮ, ಎಲ್ಲರಿಗೂ ಮನಸಾರೆ ಧನ್ಯವಾದ.

ಈಗ ಇನ್ನೊಂದು ಕೆಲಸ ಬಂದಿದೆ. ಮುಂದಿನ ವಾರ ಸಣ್ಣವನ ಹುಟ್ಟುಹಬ್ಬ. ಕ್ಲಾಸಿನಲ್ಲಿ 40 ಮಕ್ಕಳು. ಟೀಚರ್ ಹತ್ತಿರ ಕೇಳಿದೆ, ಒಬ್ಬ ಹುಡುಗಿಗೆ ಶೇಂಗಾ ಆಗೋದಿಲ್ಲವಂತೆ. ಎಲ್ಲರಿಗೂ ಒಂದೇ ಥರ ಕೊಡಬೇಕು ಅಂತ ನನ್ನ ಆಸೆ. ಅಳತೆಯನ್ನು ಎರಡು ಪಟ್ಟು ಮಾಡಿ ಒಂದೇ ಸಲ ಪಾಕ ತೆಗೆಯಲಾ? ಶೇಂಗಾ ಬದಲು ಏನು?

ಗಂಗಾವತಿ_ಮಂಡಾಳು_ಮನೆ

ಮಗನಿಗೆ ಆಶೀರ್ವಾದ ಅಕ್ಕಾ. ಪಾಕ ಒಂದೇ ಸಲ ದೊಡ್ಡದು ಮಾಡಬೇಡಿ. ಮೊದಲ ತಾಟು ಒತ್ತುವಷ್ಟರಲ್ಲಿ ಉಳಿದದ್ದು ಬಾಣಲೆಯಲ್ಲೇ ಬಿಗಿಯುತ್ತದೆ. ಎರಡು ಸಲ ಬೇರೆ ಬೇರೆ ಮಾಡಿ, 24ರಂತೆ ಕತ್ತರಿಸಿ. 48 ಆಗುತ್ತದೆ, ಟೀಚರ್‌ಗಳಿಗೂ ಬರುತ್ತದೆ. ಒಬ್ಬರು ಪಾಕ ನೋಡುತ್ತಿರುವಾಗ ಇನ್ನೊಬ್ಬರು ಮಂಡಾಳು ಬೆಚ್ಚಗೆ ಇಟ್ಟುಕೊಂಡರೆ ಒಂದು ತಾಸಿನೊಳಗೆ ಎರಡೂ ತಾಟು ಮುಗಿಯುತ್ತದೆ.

ಶೇಂಗಾ, ಶೇಂಗಾ ಬೆಣ್ಣೆ ಎರಡೂ ಬಿಡಿ. ಮೊದಲು ಹೇಳಿದ 150 ಗ್ರಾಂ ಅಳತೆಗೇ ಹೋಗಿ. ಶೇಂಗಾ ಜಾಗಕ್ಕೆ ಕುಂಬಳದ ಬೀಜ ಹುರಿದು ಹಾಕಿ, ಇಲ್ಲವೇ ಒಣ ಕೊಬ್ಬರಿ ತುರಿ ಬೆಚ್ಚಗೆ ಮಾಡಿ ಹಾಕಿ.

ಸಿಂಧನೂರು_ನರ್ಸಮ್ಮ

ಬೇರೆ ಕಾಳು ಬೀಜ ಏನಾದರೂ ಆಗೋದಿಲ್ಲವಾ ಅಂತ ಆ ಹುಡುಗಿಯ ತಾಯಿಯನ್ನೇ ಕೇಳಿ, ಪುಟಾಣಿ ಹಾಕುವುದಿದ್ದರೆ ಅದನ್ನೂ ಹೇಳಿ. ಬಾಣಲೆ, ಮಿಕ್ಸಿ ಜಾರ್, ಜರಡಿ, ತಾಟು ಎಲ್ಲ ಸೋಪು ಹಾಕಿ ತೊಳೆದು ಶುರು ಮಾಡಿ. ಶೇಂಗಾ ಪುಡಿ ಅಂಟಿದ ಜಾರ್‌ನಿಂದಲೂ ತೊಂದರೆ ಆಗಬಹುದು. ಕೋಕೋ ಪೊಟ್ಟಣದ ಹಿಂದೆ ಅಲರ್ಜಿ ಬಗ್ಗೆ ಏನು ಬರೆದಿದೆ ಅಂತಲೂ ಓದಿ. ಮಂಡಾಳು ಬಿಡಿಯಾಗಿ ತಂದರೆ ಅಂಗಡಿಯಲ್ಲಿ ಶೇಂಗಾ ಮೂಟೆ ಪಕ್ಕದಲ್ಲೇ ಇರುತ್ತದೆ, ಒಂದೇ ಅಳತೆ ಡಬ್ಬಿಯಲ್ಲಿ ತೆಗೆದುಕೊಡುತ್ತಾರೆ. ಈ ಸಲ ಪ್ಯಾಕೆಟ್‌ನದೇ ತನ್ನಿ.

ಕೌಲ್‌ಬಜಾರ್_ಅಮ್ಮ

ಇದು ನನಗೆ ಹೊಳೆದೇ ಇರಲಿಲ್ಲ. ಆ ಹುಡುಗಿಯ ತಾಯಿಯ ನಂಬರ್ ಟೀಚರ್ ಹತ್ತಿರ ಕೇಳುತ್ತೇನೆ. ಕುಂಬಳದ ಬೀಜ ಆಗಬಹುದು ಅಂದರೆ ಅದು, ಇಲ್ಲದಿದ್ದರೆ ಬರೀ ಮಂಡಾಳು, ಕೊಬ್ಬರಿ. ಶನಿವಾರ ಮಾಡುತ್ತೇನೆ.